“ನಿದ್ದೆ ಬರ್ತೈತಾ?” ಅಂದ್ರೆ “ಹೂಂ”

ದಾವಣಗೆರೆಯಲ್ಲಿ ಸ್ಕಿಜೋಫ್ರೀನಿಯಾ (ಇಲ್ಲದ ದನಿ ಕೇಳಿಸುವ, ಭ್ರಮೆ, ಅನುಮಾನ ಕಾಡುವ ಮಾನಸಿಕ ಕಾಯಿಲೆ) ಇರುವವರ ಮನೆಯವರು, ಆಶಾ ಕಾರ್ಯಕರ್ತೆಯರು ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಉದಾಹರಣೆಗಳಲ್ಲಿ ಯಾರ ಗುರುತೂ ಸಿಗದಂತೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.

ಮಾನಸಿಕ ರೋಗ ವಿಭಾಗದ ಓಪಿಡಿ ಹೊರಗೆ ಅರ್ಧ ದಿನ ಕೂತರೆ ಒಂದು ಪ್ರಶ್ನೆ ನಿಮ್ಮ ಕಿವಿಗೆ ಐವತ್ತು ಸಲ ಬೀಳುತ್ತದೆ. “ನಿದ್ದೆ ಬರ್ತೈತಾ?” ಉತ್ತರವೂ ಹೆಚ್ಚುಕಮ್ಮಿ ಒಂದೇ. “ಹೂಂ.” ಚೀಟಿಯಲ್ಲಿ ಒಂದು ಟಿಕ್ ಬೀಳುತ್ತದೆ. ಆಮೇಲೆ “ಊಟ?” ಅದಕ್ಕೂ ಹೂಂ. ಮುಗಿಯಿತು, ಮುಂದಿನವರು ಬನ್ನಿ. ಡಾಕ್ಟರನ್ನು ಬೈಯುತ್ತಿಲ್ಲ. ಹೊರಗೆ ಎಂಬತ್ತು ಜನ ನಿಂತಿರುವಾಗ ಒಬ್ಬರಿಗೆ ಎಷ್ಟು ನಿಮಿಷ ಸಿಗುತ್ತೆ, ನೀವೇ ಲೆಕ್ಕ ಹಾಕಿ.

ನಾನು ಡಾಕ್ಟರ್ ಅಲ್ಲ, ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್. ಮನೆಗಳಿಗೆ ಹೋಗುವುದು ನನ್ನ ಕೆಲಸ. ಓಪಿಡಿಯಲ್ಲಿ ಹೇಳಿದ ಆ “ಹೂಂ” ಬಿಚ್ಚಿಕೊಳ್ಳುವುದು ಮನೆಯಲ್ಲಿ. ಒಬ್ಬರ ಹೂಂ ಅಂದರೆ ಬೆಳಗಿನ ಜಾವ ನಾಲ್ಕಕ್ಕೆ ಮಲಗಿ ಮಧ್ಯಾಹ್ನ ಎರಡಕ್ಕೆ ಏಳುವುದು. ಇನ್ನೊಬ್ಬರದು ಹದಿನಾಲ್ಕು ಗಂಟೆ ಮಲಗಿಯೂ ತೂಕಡಿಸುವುದು. ಮತ್ತೊಬ್ಬರ ಮನೆಯಲ್ಲಿ ಹೂಂ ಅಂದದ್ದು ಅವರ ಅಮ್ಮ. ಮಗನಿಗೆ ನಿದ್ದೆ ಬರುತ್ತೋ ಇಲ್ಲವೋ ಅವರಿಗೆ ಗೊತ್ತೇ ಇಲ್ಲ, ಯಾಕಂದರೆ ಅವನು ಬಾಗಿಲು ಹಾಕಿಕೊಳ್ಳುತ್ತಾನೆ. ಇವತ್ತು ನಾನು ಹೇಳಬೇಕಾದದ್ದು ಈ ಹೂಂ ಒಳಗೆ ಏನೇನಿದೆ ಅನ್ನುವುದಷ್ಟೇ.

ಕಾಯಿಲೆಯ ಬಗ್ಗೆ ಜಾಸ್ತಿ ಹೇಳಲ್ಲ, ಇಲ್ಲಿರುವ ಅರ್ಧ ಜನ ನನಗಿಂತ ಹೆಚ್ಚು ಬಲ್ಲವರು, ಮನೆಯಲ್ಲೇ ನೋಡಿದವರು. ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಸ್ಕಿಜೋಫ್ರೀನಿಯಾ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಮೂರು ಸಾವಿರ ಜನಸಂಖ್ಯೆಯ ಊರಾದರೆ ಹತ್ತು ಜನ. ಆಶಾ ಅಕ್ಕಂದಿರೆ, ನಿಮ್ಮ ಊರಲ್ಲಿ ಆ ಹತ್ತು ಜನ ಯಾರು ಅಂತ ಮನಸ್ಸಲ್ಲೇ ಎಣಿಸಿ ನೋಡಿ. ನಾಲ್ಕೈದು ಹೆಸರು ಥಟ್ಟನೆ ಬರುತ್ತವೆ. ಉಳಿದವರು ಮನೆಯೊಳಗೆ ಮಲಗಿದ್ದಾರೆ. ಇವರಲ್ಲಿ ಹೆಚ್ಚಿನವರು ಆಸ್ಪತ್ರೆಯಲ್ಲಿಲ್ಲ, ನಮ್ಮ ನಡುವೆಯೇ ಇದ್ದಾರೆ. ಹಾಗಾಗಿ ಅವರ ರಾತ್ರಿಯನ್ನು ನೋಡುವವರು ನರ್ಸ್ ಅಲ್ಲ, ಮನೆಯವರು.

ಈ ಕಾಯಿಲೆಯಲ್ಲಿ ನಿದ್ದೆ ಕೆಡುವುದು ಹೊಸ ವಿಷಯ ಅಲ್ಲ, ನೂರು ವರ್ಷದ ಹಿಂದಿನ ವೈದ್ಯರೂ ಬರೆದಿದ್ದಾರೆ. ಆದರೆ ಬಹಳ ಕಾಲ ಅದನ್ನು ಕಾಯಿಲೆಯ ಬಾಲ ಅಂತ ಬಿಟ್ಟಿದ್ದರು. ಕಾಯಿಲೆ ವಾಸಿಯಾದರೆ ನಿದ್ದೆ ತಾನೇ ಸರಿಯಾಗುತ್ತೆ ಅಂತ. ಇನ್ನೊಂದು ಮಾತೂ ಇತ್ತು, ಈಗಲೂ ಮನೆಮನೆಯಲ್ಲಿ ಇದೆ. “ಕೆಲಸ ಇಲ್ಲ, ಕಾರ್ಯ ಇಲ್ಲ, ಬೇಕಾದಾಗ ಮಲಗ್ತಾನೆ, ಬೇಕಾದಾಗ ಏಳ್ತಾನೆ.” ಅಂದರೆ ಸೋಮಾರಿತನ.

ಈ ಮಾತನ್ನು ಇಂಗ್ಲೆಂಡಿನ ಸಂಶೋಧಕರು ಪರೀಕ್ಷೆ ಮಾಡಿದರು. 2012ರಲ್ಲಿ ಪ್ರಕಟವಾದ ಅಧ್ಯಯನ ಅದು. ಸ್ಕಿಜೋಫ್ರೀನಿಯಾ ಇದ್ದು ಮನೆಗಳಲ್ಲಿ ಬದುಕುತ್ತಿದ್ದ 20 ಜನರನ್ನು ತೆಗೆದುಕೊಂಡರು. ಹೋಲಿಸಿ ನೋಡಲು 21 ಜನ ಆರೋಗ್ಯವಂತರು. ಈ 21 ಜನರನ್ನು ಆರಿಸಿದ್ದರಲ್ಲೇ ಇರುವುದು ಜಾಣತನ. ಅವರೂ ಕೆಲಸ ಇಲ್ಲದವರೇ. ಬೆಳಿಗ್ಗೆ ಏಳಲೇಬೇಕು ಅನ್ನುವ ಒತ್ತಡ ಅವರಿಗೂ ಇಲ್ಲ. ಎಲ್ಲರ ಕೈಗೂ ಗಡಿಯಾರದಂಥ ಒಂದು ಯಂತ್ರ ಕಟ್ಟಿ ಆರು ವಾರ ಅಳೆದರು. ಕೆಲಸ ಇಲ್ಲದಿದ್ದರೂ ಆ ಆರೋಗ್ಯವಂತರ ನಿದ್ದೆಗೆ ಒಂದು ಕ್ರಮ ಇತ್ತು. ಕಾಯಿಲೆ ಇದ್ದವರೆಲ್ಲರ ನಿದ್ದೆಯೂ ಒಂದಲ್ಲ ಒಂದು ರೀತಿ ಏರುಪೇರಾಗಿತ್ತು. ಸುಮಾರು ಅರ್ಧ ಜನರ ದೇಹದ ಗಡಿಯಾರವೇ ಹಗಲು ರಾತ್ರಿಯ ಜೊತೆ ತಾಳ ತಪ್ಪಿತ್ತು. ಸೋಮಾರಿತನ ಅಂತ ಯಾರಾದರೂ ಅಂದರೆ ನಾನು ಈ ಅಧ್ಯಯನದ ಕಥೆ ಹೇಳುತ್ತೇನೆ. ಎಲ್ಲರೂ ನಂಬುತ್ತಾರೆ ಅಂತಲ್ಲ. ಒಬ್ಬ ಅಜ್ಜ ಪೂರ್ತಿ ಕೇಳಿಸಿಕೊಂಡು, “ಅವ್ರು ಇಂಗ್ಲೆಂಡ್‌ನೋರು ಬಿಡಮ್ಮ, ನಮ್ಮ ಹುಡುಗನ್ನ ನೋಡಿಲ್ಲ” ಅಂದರು.

ಈಗ ಮನೆಗಳಿಗೆ ಹೋಗೋಣ.

ಜಗಳೂರು ಕಡೆಯ ಒಂದು ಹಳ್ಳಿ. ನಲವತ್ತು ದಾಟಿದ ರೈತ. ಎರಡು ಎಕರೆ ಮೆಕ್ಕೆಜೋಳ, ಒಂದು ಬೋರು. ಆರೇಳು ವರ್ಷದಿಂದ ಮಾತ್ರೆ ಮೇಲೆ ಚೆನ್ನಾಗಿಯೇ ಇದ್ದರು. ಆಮೇಲೆ ಒಂದು ವಿಚಿತ್ರ ಶುರುವಾಯಿತು. ಒಂದು ವಾರ ಸರಿ ಇರುತ್ತಾರೆ, ಮುಂದಿನ ವಾರ ಸಿಡುಕು, ಅನುಮಾನ, ಯಾರೋ ಹಿಂದೆ ಮಾತಾಡ್ತಾರೆ ಅನ್ನುವುದು. ಮತ್ತೆ ಒಂದು ವಾರ ಸರಿ. ಡಾಕ್ಟರ್ ಮಾತ್ರೆ ಜಾಸ್ತಿ ಮಾಡಿದರು. ಆಗ ಏರಿಳಿತ ಇನ್ನೂ ಜಾಸ್ತಿಯಾಯಿತು. ಮನೆಯವರು ಅಮಾವಾಸ್ಯೆ, ಹುಣ್ಣಿಮೆ ಲೆಕ್ಕ ಹಾಕಿದರು. ಹೊಂದಲಿಲ್ಲ.

ನಾನು ಹೋದಾಗ ಅವರ ಹೆಂಡತಿ ಮಾತ್ರೆಯ ಹಾಳೆಗಳನ್ನು ತಂದು ಚಾಪೆ ಮೇಲೆ ಹರಡಿದರು. ಒಂದರಲ್ಲಿ ಪೂರ್ತಿ ಖಾಲಿ. ಒಂದರಲ್ಲಿ ಆರು ಗುಳಿಗೆ ಹಾಗೇ ಇದೆ. ಇನ್ನೊಂದರಲ್ಲಿ ಐದು. ಯಾಕೆ ಅಂತ ಕೇಳಿದರೆ ಗಂಡ ಹೆಂಡತಿ ಇಬ್ಬರೂ ಸುಮ್ಮನೆ ಕೂತರು. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗ ಬಾಗಿಲಲ್ಲಿ ಇಣುಕಿ ಹೇಳಿದ, “ಅಣ್ಣಾ, ಈ ವಾರ ನಮ್ದು ನೈಟ್ ಪಾಳಿ ಅಂತೆ.”

ನಿಮ್ಮಲ್ಲಿ ತೋಟ, ಹೊಲ ಇರುವವರಿಗೆ ಇಷ್ಟರಲ್ಲೇ ಅರ್ಥವಾಗಿರುತ್ತೆ. ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಪಾಳಿಯಲ್ಲಿ ಬರುತ್ತದೆ. ಅವರ ಲೈನಿಗೆ ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿಯಲ್ಲಿ ಹನ್ನೊಂದಕ್ಕೋ ಹನ್ನೆರಡಕ್ಕೋ ಎದ್ದು ಹೊಲಕ್ಕೆ ಹೋಗಬೇಕು, ಬದುವಿನ ಮೇಲೆ ನಿಂತು ನೀರು ತಿರುಗಿಸಬೇಕು. ಮಾತ್ರೆ ನುಂಗಿದರೆ ಎಚ್ಚರ ಆಗುವುದಿಲ್ಲ. ಒಂದು ಸಲ ಹಾಗೇ ಹೋಗಿ ಬದುವಿನ ಮೇಲೇ ನಿದ್ದೆ ಹೋಗಿ, ಮೋಟರ್ ಬೆಳತನಕ ಓಡಿ, ನೀರೆಲ್ಲ ಒಂದೇ ಮಡಿಗೆ ನುಗ್ಗಿತ್ತು. ಹಾವಿನ ಭಯ ಬೇರೆ. ಅದಕ್ಕೆ ರಾತ್ರಿ ಕರೆಂಟಿನ ವಾರ ಮಾತ್ರೆ ಬಿಡುತ್ತಿದ್ದರು. ಮಾತ್ರೆಯೂ ಇಲ್ಲ, ನಿದ್ದೆಯೂ ಇಲ್ಲ, ಎರಡೂ ಒಟ್ಟಿಗೆ. ವಾರದ ಕೊನೆಗೆ ಕಾಯಿಲೆ ಎದ್ದು ಕೂರುತ್ತಿತ್ತು.

ಅವರನ್ನು ಓಪಿಡಿಯಲ್ಲಿ ಕೇಳಿದ್ದರಲ್ಲ, ನಿದ್ದೆ ಬರ್ತೈತಾ ಅಂತ? ಬರುತ್ತಿತ್ತು. ಮಾತ್ರೆ ತಗೊಂಡರೆ ಚೆನ್ನಾಗಿಯೇ ಬರುತ್ತಿತ್ತು. ಸುಳ್ಳು ಹೇಳಿರಲಿಲ್ಲ ಅವರು. “ಮಾತ್ರೆ ತಪ್ಪಿಸ್ತೀರಾ?” ಅಂದಿದ್ದರೂ ಇಲ್ಲ ಅಂತಲೇ ಹೇಳುತ್ತಿದ್ದರು, ಬೈಸಿಕೊಳ್ಳುವುದು ಯಾರಿಗೆ ಬೇಕು. “ರಾತ್ರಿ ಕರೆಂಟಿದ್ದಾಗ ಏನು ಮಾಡ್ತೀರಾ?” ಅಂತ ಕೇಳಿದ್ದರೆ ಮಾತ್ರ ಹೇಳುತ್ತಿದ್ದರು. ಡಾಕ್ಟರಿಗೆ ವಿಷಯ ಗೊತ್ತಾದ ಮೇಲೆ ಜಾಸ್ತಿ ಮಾಡಿದ್ದ ಡೋಸ್ ಮೊದಲಿನಷ್ಟಕ್ಕೆ ಬಂತು. ರಾತ್ರಿ ಪಾಳಿಯಲ್ಲಿ ನೀರು ಕಟ್ಟುವ ಕೆಲಸ ತಮ್ಮನಿಗೆ ಹೋಯಿತು, ಬದಲಿಗೆ ಇವರು ತಮ್ಮನ ಹಸುಗಳ ಹಾಲು ಡೈರಿಗೆ ಹಾಕುತ್ತಾರೆ. ಈ ಒಪ್ಪಂದಕ್ಕೆ ಅಣ್ಣತಮ್ಮಂದಿರ ನಡುವೆ ಮೂರು ಸಲ ಪಂಚಾಯ್ತಿ ಮಾಡಬೇಕಾಯಿತು ಅನ್ನುವುದು ಬೇರೆ ವಿಷಯ. ಯಾವ ಪುಸ್ತಕದಲ್ಲೂ ನಿದ್ದೆಯ ಚಿಕಿತ್ಸೆ ಅಂತ ಇದನ್ನು ಬರೆದಿಲ್ಲ.

ಎರಡನೇ ಮನೆ ದಾವಣಗೆರೆಯದೇ. ಇಪ್ಪತ್ತಾರು ವರ್ಷದ ಹೆಣ್ಣುಮಗಳು. ರಾತ್ರಿಯೆಲ್ಲ ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಾಳೆ. ಕೂತರೆ ಏಳುತ್ತಾಳೆ, ಮಲಗಿದರೆ ಕಾಲು ಎಳೆದುಕೊಳ್ಳುತ್ತಾಳೆ. ಗಾಳಿ ಸೋಕಿದೆ ಅಂತ ಒಬ್ಬರು, ಕಾಯಿಲೆ ಹೆಚ್ಚಾಗಿದೆ ಅಂತ ಇನ್ನೊಬ್ಬರು. ಕಾಯಿಲೆ ಹೆಚ್ಚಾಗಿದೆ ಅಂದರೆ ಮಾತ್ರೆ ಹೆಚ್ಚು ಮಾಡಬೇಕು, ಅಲ್ವಾ? ಆದರೆ ಅವಳನ್ನು ಪಕ್ಕ ಕೂರಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದೆ. “ಮನಸ್ಸು ಓಡುತ್ತಾ, ಕಾಲು ಓಡುತ್ತಾ?” ಕ್ಷಣ ಯೋಚನೆ ಮಾಡಿ ಹೇಳಿದಳು, “ಕಾಲು ಅಕ್ಕಾ. ಮನಸ್ಸಿಗೆ ಮಲಗ್ಬೇಕು ಅಂತಾನೇ ಐತೆ.”

ಇದಕ್ಕೆ ಅಕಥೀಸಿಯಾ ಅಂತ ಹೆಸರು. ಕಾಯಿಲೆಯದಲ್ಲ, ಔಷಧಿಯ ಅಡ್ಡಪರಿಣಾಮ. ಹ್ಯಾಲೊಪೆರಿಡಾಲ್‌ನಂಥ ಹಳೆಯ ಔಷಧಿಗಳಲ್ಲಿ ಹೆಚ್ಚು, ರಿಸ್ಪೆರಿಡೋನ್, ಅರಿಪಿಪ್ರಜೋಲ್‌ನಂಥ ಹೊಸದರಲ್ಲೂ ಬರುತ್ತದೆ. ಒಳಗಿನಿಂದ ಯಾರೋ ಕೀಲಿ ಕೊಟ್ಟ ಹಾಗೆ, ಕೂರಲು ಆಗುವುದೇ ಇಲ್ಲ. ಔಷಧಿ ಶುರುವಾದ ಅಥವಾ ಹೆಚ್ಚು ಮಾಡಿದ ದಿನಗಳಲ್ಲಿ ಇದು ಕಂಡರೆ ಕೂಡಲೇ ಡಾಕ್ಟರಿಗೆ ಹೇಳಿ. ಡೋಸ್ ಕಡಿಮೆ ಮಾಡುವುದು, ಔಷಧಿ ಬದಲಿಸುವುದು, ಪ್ರೊಪ್ರನೊಲಾಲ್‌ನಂಥದ್ದು ಕೊಡುವುದು, ಹೀಗೆ ಅವರ ಬಳಿ ದಾರಿಗಳಿವೆ. ಇದನ್ನು ಕಾಯಿಲೆ ಅಂತ ತಿಳಿದು ಅದೇ ಮಾತ್ರೆ ಹೆಚ್ಚು ಮಾಡಿದರೆ ಉರಿಯುವ ಒಲೆಗೆ ಸೌದೆ ಹಾಕಿದ ಹಾಗೆ. ಈ ತಳಮಳ ತಡೆಯಲಾಗದೆ ಜೀವಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆ ಬರುವವರೂ ಇದ್ದಾರೆ. ಸುಮ್ನೆ ನಡೀತಾಳೆ ಅಂತ ಬಿಡಬೇಡಿ.

ಮಾತ್ರೆಯ ಮಾತು ಬಂದಿದ್ದರಿಂದ ಇಲ್ಲೇ ಇನ್ನೊಂದು ಹೇಳಿಬಿಡುತ್ತೇನೆ. ಒಲಾಂಜಪೀನ್, ಕ್ವೆಟಿಯಾಪೀನ್, ಕ್ಲೋಜಪೀನ್, ಇವು ಜೋರು ನಿದ್ದೆ ತರಿಸುವ ಔಷಧಿಗಳು. ನಮ್ಮ ಮನೆಗಳಲ್ಲಿ ಆಗುವುದೇನು? ಒಂಬತ್ತೂವರೆಗೆ ಸೀರಿಯಲ್ ಮುಗಿಯಬೇಕು, ಆಮೇಲೆ ಊಟ, ಆಮೇಲೆ ಪಾತ್ರೆ, ಹತ್ತೂವರೆಗೆ “ಅಯ್ಯೋ, ಗುಳಿಗೆ ಕೊಡ್ಲಿಲ್ಲ” ಅಂತ ನೆನಪು. ಹತ್ತೂವರೆಗೆ ನುಂಗಿದ ಮಾತ್ರೆಯ ಮಂಪರು ಮರುದಿನ ಹತ್ತಕ್ಕೂ ಇಳಿದಿರುವುದಿಲ್ಲ. ಏಳು ಗಂಟೆಗೆ ಎಬ್ಬಿಸಿ “ಎದ್ದೇಳೋ ಕುಂಭಕರ್ಣ” ಅಂದರೆ ಪಾಪ ಅವನೇನು ಮಾಡಬೇಕು? ಎಷ್ಟೋ ಮನೆಗಳಲ್ಲಿ ಡಾಕ್ಟರನ್ನು ಕೇಳಿ ಮಾತ್ರೆಯನ್ನು ಎಂಟು ಗಂಟೆಗೆ ತಂದಿದ್ದಷ್ಟೇ, ಬೆಳಗ್ಗೆ ಏಳುವುದು ಸುಧಾರಿಸಿತು. ಇನ್ನು ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್. ಅದು ಕೆಲವರಿಗೆ ಎಚ್ಚರ ತರಿಸುತ್ತದೆ. ಅದನ್ನು ಸಾಮಾನ್ಯವಾಗಿ ಬೆಳಿಗ್ಗೆ, ಮಧ್ಯಾಹ್ನ ಅಂತ ಬರೆಯುತ್ತಾರೆ. ಮನೆಯಲ್ಲಿ ಎಲ್ಲವನ್ನೂ ಒಟ್ಟು ಮಾಡಿ ರಾತ್ರಿ ಒಂದೇ ಸಲ ಕೊಟ್ಟಿರುತ್ತಾರೆ, ಮರೆತುಹೋಗಬಾರದು ಅಂತ. ಚೀಟಿ ತೆಗೆದು ಒಮ್ಮೆ ನೋಡಿ. ಆದರೆ ಹೊತ್ತು ಬದಲಿಸುವುದನ್ನಾಗಲಿ, ಡೋಸ್ ಬದಲಿಸುವುದನ್ನಾಗಲಿ ಡಾಕ್ಟರನ್ನು ಕೇಳದೆ ಮಾಡಬೇಡಿ. ಈ ಒಂದು ಮಾತನ್ನು ಇವತ್ತು ಮೂರು ಸಲ ಹೇಳುತ್ತೇನೆ, ಬೇಜಾರಾಗಬೇಡಿ.

ಗೊರಕೆ. “ನಮ್ಮ ಹುಡುಗ ಮನೆ ಅದುರೋ ಹಂಗೆ ಗೊರಕೆ ಹೊಡೀತಾನೆ, ಭಾರಿ ನಿದ್ದೆ” ಅಂತ ಖುಷಿಯಿಂದ ಹೇಳುವವರು ಇದ್ದಾರೆ. ಈ ಔಷಧಿಗಳಿಂದ ತೂಕ ಏರುತ್ತದೆ. ತೂಕ ಏರಿದರೆ ಗಂಟಲಿನ ದಾರಿ ಕಿರಿದಾಗಿ ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲಬಹುದು. ಗೊರಕೆ ಜೋರಾಗಿ ಹೋಗುತ್ತಿರುತ್ತೆ, ಥಟ್ಟಂತ ನಿಲ್ಲುತ್ತೆ, ಹತ್ತು ಸೆಕೆಂಡು ಸದ್ದೇ ಇಲ್ಲ, ಆಮೇಲೆ ಏದುಸಿರು ಬಿಟ್ಟ ಹಾಗೆ ಮತ್ತೆ ಶುರು. ಇದನ್ನು ಕಂಡಿದ್ದೀರಾ? ಹಾಗಿದ್ದರೆ ಅದು ಭಾರಿ ನಿದ್ದೆ ಅಲ್ಲ. ರಾತ್ರಿಯೆಲ್ಲ ಮಿದುಳು ಉಸಿರಿಗಾಗಿ ಎಚ್ಚರಾಗುತ್ತಲೇ ಇದೆ. ಅಂಥವರಿಗೆ ಮೇಲಿಂದ ನಿದ್ದೆ ಮಾತ್ರೆ ಕೊಟ್ಟರೆ ಉಸಿರಿನ ತೊಂದರೆ ಇನ್ನಷ್ಟು ಹೆಚ್ಚಬಹುದು. ಮೊಬೈಲಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿ ಡಾಕ್ಟರಿಗೆ ಕೇಳಿಸಿ, ನೂರು ಮಾತಿಗಿಂತ ಅದು ಮೇಲು.

ಭಯದ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು. ಹಗಲಿನಲ್ಲಿ ಗಾಡಿ ಸದ್ದು, ಜನರ ಮಾತು, ಟಿವಿ ಇರುತ್ತೆ. ರಾತ್ರಿ ಎಲ್ಲ ನಿಂತ ಮೇಲೆ ದನಿಗಳು ಮಾತ್ರ ಉಳಿಯುತ್ತವೆ. ಒಬ್ಬರು ನನಗೆ ಹೇಳಿದರು, ಫ್ಯಾನಿನ ಸದ್ದಿನೊಳಗೆ ತಮ್ಮ ಹೆಸರು ಕೇಳುತ್ತದೆ ಅಂತ. ಫ್ಯಾನ್ ಆರಿಸಿದರೆ ಸೊಳ್ಳೆ, ಹಾಕಿದರೆ ದನಿ. ಅವರಿಗೆ ಸಣ್ಣಗೆ ರೇಡಿಯೋ ಹಚ್ಚಿಡುವುದು ನೆರವಾಯಿತು. ಹಾಡಲ್ಲ, ಮಾತಿನ ಕಾರ್ಯಕ್ರಮ. ಬೇರೆ ಯಾರದೋ ಮಾತು ಕೇಳುತ್ತಿದ್ದರೆ ತಮ್ಮದು ಹಿಂದೆ ಸರಿಯುತ್ತೆ ಅಂದರು. ಎಲ್ಲರಿಗೂ ಇದು ಹೊಂದುವುದಿಲ್ಲ, ಕೆಲವರಿಗೆ ರೇಡಿಯೋದವರೇ ತಮ್ಮ ಬಗ್ಗೆ ಮಾತಾಡಿದ ಹಾಗೆ ಅನಿಸುತ್ತದೆ. ಕೇಳಿ ಮಾಡಬೇಕು.

ಕೆಟ್ಟ ಕನಸೂ ಇವರಲ್ಲಿ ಜಾಸ್ತಿ. ಚಿತ್ರದುರ್ಗದ ಕಡೆಯ ಒಂದು ಮನೆಯಲ್ಲಿ ಮೊಮ್ಮಗನ ಕನಸಿಗೆ ಅಜ್ಜಿ ದಿಂಬಿನ ಕೆಳಗೆ ಕುಡುಗೋಲು ಇಟ್ಟಿದ್ದರು. ಕಬ್ಬಿಣ ಇದ್ದರೆ ಏನೂ ಹತ್ತಿರ ಬರಲ್ಲ ಅಂತ. ನಿಮ್ಮ ಮನೆಯಲ್ಲೂ ಚಾಕುವೋ ಪೊರಕೆಯೋ ಇಟ್ಟಿರಬಹುದು, ನನ್ನ ತಲೆದಿಂಬಿನ ಕೆಳಗೆ ನಮ್ಮಜ್ಜಿ ಅಡಿಕೆಕತ್ತರಿ ಇಡುತ್ತಿದ್ದರು. ನನ್ನ ಜೊತೆ ಬಂದಿದ್ದ ಹೊಸ ಹುಡುಗಿ ಮೂಢನಂಬಿಕೆ ಅಂತ ಪಾಠ ಶುರು ಮಾಡಿದಳು. ನಾನು ಮೆಲ್ಲಗೆ ಅವಳ ಕೈ ಹಿಡಿದೆ. ಕಬ್ಬಿಣದ ನಂಬಿಕೆಯಿಂದ ಅಲ್ಲಿ ತೊಂದರೆ ಇರಲಿಲ್ಲ, ಕುಡುಗೋಲಿನ ಅಲಗಿನಿಂದ ಇತ್ತು. ಯಾರೋ ಕೊಲ್ಲಲು ಬಂದ ಕನಸು ಬಿದ್ದು ಕತ್ತಲಲ್ಲಿ ಎದ್ದ ಹುಡುಗನ ಕೈಗೆ ಅದು ಸಿಗಬಾರದು. “ಅಜ್ಜಿ, ಕಬ್ಬಿಣ ತಾನೇ ಮುಖ್ಯ, ಮೊಳೆ ಇಟ್ಟರೆ ಸಾಕಲ್ವಾ?” ಅಂದೆ. ಅಜ್ಜಿ ಒಪ್ಪಿದರು. ಒಂದು ಸಣ್ಣ ಮೊಳೆಯನ್ನು ಬಟ್ಟೆಯಲ್ಲಿ ಸುತ್ತಿ ದಿಂಬಿನೊಳಗೆ ಹೊಲಿದರು. ಕನಸಿಗೆ ಬೇರೆ ಚಿಕಿತ್ಸೆ ನಡೆಯುತ್ತಿದೆ. ಮೊಳೆ ಅಲ್ಲೇ ಇದೆ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ರಾತ್ರಿಯನ್ನು ರಾತ್ರಿಯಲ್ಲಿ ರಿಪೇರಿ ಮಾಡಲು ಹೋಗಬೇಡಿ, ಅಷ್ಟೇ ನಾನು ಹೇಳುವುದು. “ಮಲಗು, ಮಲಗು” ಅಂದರೆ ಯಾರಿಗೂ ನಿದ್ದೆ ಬಂದಿಲ್ಲ. ನಾನು ಮನೆಗೆ ಹೋದರೆ ನಿದ್ದೆಯ ವಿಷಯವನ್ನೇ ಕೇಳುವುದಿಲ್ಲ. “ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಎಲ್ಲಿದ್ದೆ?” ಅಂತ ಕೇಳುತ್ತೇನೆ. ಉತ್ತರ “ಹಾಸಿಗೆ ಮೇಲೆ” ಅಂತಾದರೆ ಅರ್ಧ ಕಾರಣ ಸಿಕ್ಕಿತು.

ನಮ್ಮ ಮಿದುಳಿನಲ್ಲಿ, ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಅಕ್ಕಿಕಾಳಿನಷ್ಟು ಸಣ್ಣ ಒಂದು ಗಡಿಯಾರ ಇದೆ. ಅದಕ್ಕೆ ಕೀಲಿ ಕೊಡುವುದು ಬೆಳಕು. ಮನೆಯೊಳಗಿನ ಟ್ಯೂಬ್‌ಲೈಟಿನ ಬೆಳಕು ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಇರಬಹುದು. ಮೋಡ ಮುಚ್ಚಿದ ದಿನ ಅಂಗಳದಲ್ಲಿ ಹತ್ತು ಸಾವಿರ ಸಿಗಬಹುದು. ನಮ್ಮ ಕಡೆಯ ಬಿಸಿಲಂತೂ ಲಕ್ಷದ ಹತ್ತಿರ. ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಹಗಲೆಲ್ಲ ಮಲಗಿ, ರಾತ್ರಿ ಮೊಬೈಲ್ ಮುಖಕ್ಕೆ ಹಿಡಿದುಕೊಂಡವರ ಗಡಿಯಾರಕ್ಕೆ ಯಾವುದು ಹಗಲು, ಯಾವುದು ರಾತ್ರಿ? ಬೆಳಿಗ್ಗೆ ಎದ್ದ ಕೂಡಲೇ ಅರ್ಧ ಗಂಟೆ ಹೊರಗೆ. ವಾಕಿಂಗೇ ಆಗಬೇಕು ಅಂತಿಲ್ಲ. ಕಟ್ಟೆ ಮೇಲೆ ಕೂತು ಟೀ ಕುಡಿದರೂ ಆಯಿತು.

ಟೀ ಅಂದೆ. ಒಂದು ಲೋಟ ಟೀಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಇವರು ಎಷ್ಟು ಟೀ ಕುಡಿಯುತ್ತಾರೆ ಅಂತ ಎಣಿಸಿದ್ದೀರಾ? ಒಬ್ಬನದು ಎಣಿಸಿದೆವು, ಹನ್ನೊಂದು. ಅಂಗಡಿಯವರು ಪಾಪ ಅಂತ ಕೊಡುತ್ತಾರೆ, ಅಮ್ಮ ಸಮಾಧಾನಕ್ಕೆ ಕೊಡುತ್ತಾಳೆ. ನಾಲ್ಕು ಗಂಟೆಯ ಮೇಲೆ ಬೇಡ. ಬೀಡಿಯದು ಇನ್ನೊಂದು ಕಥೆ. ನಿಕೋಟಿನ್ ಎಚ್ಚರ ತರಿಸುತ್ತದೆ, ಅದು ಎಲ್ಲರಿಗೂ ಗೊತ್ತು. ಬೀಡಿ ಹೊಗೆಯಿಂದ ಒಲಾಂಜಪೀನ್, ಕ್ಲೋಜಪೀನ್ ದೇಹದಲ್ಲಿ ಬೇಗ ಕರಗಿಹೋಗುತ್ತವೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಲಿವರಿನ ಕೆಲಸ ಚುರುಕು ಮಾಡುತ್ತವೆ, ಅದಕ್ಕೆ. ಹಾಗಂತ ಒಂದೇ ದಿನ ಬೀಡಿ ಬಿಡಿಸಿದರೆ ಅದೇ ಡೋಸ್ ರಕ್ತದಲ್ಲಿ ಏರಿಬಿಡುತ್ತದೆ, ಮಂಪರು ಹೆಚ್ಚುತ್ತದೆ. ಬಿಡಿಸಿ, ಖಂಡಿತ ಬಿಡಿಸಿ, ಆದರೆ ಡಾಕ್ಟರಿಗೆ ಹೇಳಿ ಬಿಡಿಸಿ. ಇದು ಎರಡನೇ ಸಲ.

ಮಾತ್ರೆಯಿಲ್ಲದೆ ನಿದ್ದೆ ಸುಧಾರಿಸುವ ಮಾತಿನ ಚಿಕಿತ್ಸೆ ಒಂದಿದೆ, ಸಿಬಿಟಿ ಅನ್ನುತ್ತಾರೆ. ಇಂಥ ಕಾಯಿಲೆಯವರಿಗೆ ಅದೆಲ್ಲ ಆಗಲ್ಲ ಅನ್ನುವ ಮಾತಿತ್ತು. 2015ರಲ್ಲಿ ಇಂಗ್ಲೆಂಡಿನಲ್ಲಿ ಭ್ರಮೆ, ದನಿ ಇದ್ದೂ ನಿದ್ದೆಗೆಟ್ಟಿದ್ದ 50 ಜನರ ಮೇಲೆ ನೋಡಿದರು. ಕಾಯಿಲೆ ಇರುವಾಗಲೇ ನಿದ್ದೆ ಎದ್ದು ಕಾಣುವಷ್ಟು ಸುಧಾರಿಸಿತು. ಭ್ರಮೆ, ದನಿಯೂ ಕಡಿಮೆಯಾದವು ಅಂತ ಹೇಳಲು ಅಷ್ಟು ಸಣ್ಣ ಅಧ್ಯಯನ ಸಾಲದು. 2017ರಲ್ಲಿ ಅದೇ ತಂಡದವರು 26 ವಿಶ್ವವಿದ್ಯಾಲಯಗಳ 3,755 ವಿದ್ಯಾರ್ಥಿಗಳಲ್ಲಿ ನೋಡಿದಾಗ, ನಿದ್ದೆ ಸುಧಾರಿಸಿದವರಲ್ಲಿ ಅನುಮಾನ, ಭ್ರಮೆಯಂಥ ಅನುಭವಗಳೂ ಸ್ವಲ್ಪ ಇಳಿದವು. ಆ ವಿದ್ಯಾರ್ಥಿಗಳು ನಿದ್ದೆ ಇಲ್ಲದವರು, ಸ್ಕಿಜೋಫ್ರೀನಿಯಾ ಇದ್ದವರಲ್ಲ, ಅದು ನೆನಪಿರಲಿ. ಆದರೂ ನಿದ್ದೆ ಬರೀ ಬಾಲ ಅಲ್ಲ, ಬಾಲ ಎಳೆದರೂ ಹಸು ತಿರುಗುತ್ತೆ ಅನ್ನುವುದಕ್ಕೆ ಇದು ಸುಳಿವು.

ಆ ಚಿಕಿತ್ಸೆಯ ಮೊದಲ ಪಾಠ ಏನು ಗೊತ್ತಾ? ಹಾಸಿಗೆ ಇರುವುದು ನಿದ್ದೆಗೆ ಮಾತ್ರ. ಅಲ್ಲಿ ಕೂತು ಊಟ ಬೇಡ, ಟಿವಿ ಬೇಡ, ಚಿಂತೆ ಬೇಡ. ಇದನ್ನು ಓದಿ ನನಗೆ ನಗು ಬಂತು. ಮಂಚವೇ ಇಲ್ಲದ, ಒಂದೇ ಕೋಣೆಯ ಮನೆಗಳಲ್ಲಿ ನಾವು ತಲೆತಲಾಂತರದಿಂದ ಮಾಡಿದ್ದು ಅದನ್ನೇ ಅಲ್ವಾ? ಬೆಳಗಾದರೆ ಚಾಪೆ, ಕೌದಿ ಸುತ್ತಿ ಮೂಲೆಗೆ. ರಾತ್ರಿ ಬಿಚ್ಚಿದರೆ ಮಲಗುವ ಹೊತ್ತು ಅಂತ ಮೈಗೇ ಗೊತ್ತು. ಈಗ ಪ್ರೀತಿಯಿಂದ ಮಗನಿಗೆ ಮಂಚ ತಂದುಕೊಟ್ಟು, ಹಾಸಿಗೆ ಇಪ್ಪತ್ತನಾಲ್ಕು ಗಂಟೆಯೂ ಹಾಸಿಯೇ ಇರುತ್ತದೆ. ಮಂಚ ಇದ್ದರೂ ಪರವಾಗಿಲ್ಲ, ಹಾಸಿಗೆ ಮಡಿಸಿಡಿ. ಆ ಮಡಿಸುವ ಕೆಲಸವನ್ನು ಅವನ ಕೈಯಲ್ಲೇ ಮಾಡಿಸಿ. ಯೂಟ್ಯೂಬ್ ನೋಡಿ ನಿದ್ದೆ ಗಂಟೆ ಕಡಿತ ಮಾಡುವ ಪ್ರಯೋಗ ಮಾತ್ರ ಮಾಡಬೇಡಿ. ನಿದ್ದೆಗೆಟ್ಟರೆ ಈ ಕಾಯಿಲೆ ಕೆರಳಬಹುದು, ಬಲ್ಲವರ ಜೊತೆಗೇ ಮಾಡಬೇಕಾದ್ದು ಅದು.

ಹಾಗಂತ ಎಲ್ಲರ ಗಡಿಯಾರವೂ ಸರಿಹೋಗುತ್ತೆ ಅಂತ ನಾನು ಆಣೆ ಮಾಡುವುದಿಲ್ಲ. ನಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನು ನೀವು ನೋಡಿದ್ದೀರಿ. ಅಲ್ಲಿಯ ಒಬ್ಬರ ಮಗ, ಮೂವತ್ತು ವರ್ಷ. ಏನು ಮಾಡಿದರೂ ಬೆಳಗಿನ ಜಾವದ ತನಕ ನಿದ್ದೆ ಬಾರದು. ಬೆಳಕು, ಟೀ, ಮಾತ್ರೆ ಹೊತ್ತು, ಎಲ್ಲ ಮಾಡಿದೆವು. ನಿದ್ದೆ ಬರುವ ಹೊತ್ತು ಎರಡು ಗಂಟೆ ಮುಂಚೆ ಆಯಿತು, ಅಷ್ಟೇ. ಅಪ್ಪ ಮಾತ್ರ ದಿನಾ ರಾತ್ರಿ ಮೂರಕ್ಕೆ ಎದ್ದು ಭಟ್ಟಿ ಹಚ್ಚುತ್ತಿದ್ದರು. ಅಪ್ಪ ಏಳುವ ಹೊತ್ತಿಗೆ ಮಗ ಇನ್ನೂ ಮಲಗಿರುತ್ತಿರಲಿಲ್ಲ. ಒಂದು ದಿನ ಅಪ್ಪನೇ ಕೇಳಿದರು, “ಹೆಂಗೂ ಎದ್ದಿರ್ತಾನೆ ಮೇಡಂ, ನಂಜೊತೆ ಕರ್ಕಂಡ್ ಬರ್ಲಾ?” ನನಗೆ ಹಿಂಜರಿಕೆ ಇತ್ತು. ರಾತ್ರಿ ಕೆಲಸ ಈ ಕಾಯಿಲೆಗೆ ಒಳ್ಳೆಯದಲ್ಲ ಅಂತಲೇ ನಾವು ಹೇಳುವುದು, ಜಗಳೂರಿನ ಕಥೆ ಈಗಷ್ಟೇ ಕೇಳಿದಿರಿ. ಕಾದ ಮರಳಿನ ಹತ್ತಿರ ಅವನು ಹೋಗಬಾರದು ಅಂತ ಡಾಕ್ಟರ್ ಷರತ್ತು ಹಾಕಿ, ಮಾತ್ರೆಯ ಹೊತ್ತನ್ನು ಕೆಲಸ ಮುಗಿದ ಮೇಲಕ್ಕೆ ಸರಿಸಿದರು. ಈಗ ಅವನು ಅರಳಿದ ಮಂಡಕ್ಕಿ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಎಣಿಸಿ ಬರೆಯುತ್ತಾನೆ. ಏಳು ಗಂಟೆಗೆ ಬಿಸಿಲಲ್ಲಿ ನಡೆದು ಮನೆಗೆ ಬಂದು, ತಿಂಡಿ ತಿಂದು ಮಲಗುತ್ತಾನೆ. ಅವನ ನಿದ್ದೆ ಸರಿಯಾಯಿತಾ? ಪುಸ್ತಕದ ಪ್ರಕಾರ ಇಲ್ಲ. ಆದರೆ ದಿನಾ ಒಂದೇ ಹೊತ್ತಿಗೆ ಮಲಗುತ್ತಾನೆ, ಒಂದೇ ಹೊತ್ತಿಗೆ ಏಳುತ್ತಾನೆ. ಮನೆಗೆ ಬಂದವರಿಗೆ ಅವನ ತಾಯಿ “ಡ್ಯೂಟಿ ಮುಗಿಸಿ ಮಲಗವ್ನೆ” ಅನ್ನುತ್ತಾರೆ. ಮೊದಲು “ಮಲಗವ್ನೆ” ಅಂತ ಮಾತ್ರ ಅನ್ನುತ್ತಿದ್ದರು, ತಲೆ ತಗ್ಗಿಸಿ. ಇದನ್ನು ಸಲಹೆ ಅಂತ ತಗೋಬೇಡಿ. ಅವನೊಬ್ಬನಿಗೆ ಹೊಂದಿತು.

ಇನ್ನೊಂದು, ಇದು ಗಡಿಬಿಡಿಯ ವಿಷಯ. ಚೆನ್ನಾಗಿ ಮಲಗುತ್ತಿದ್ದವರಿಗೆ ಕಾರಣವಿಲ್ಲದೆ ಎರಡು ಮೂರು ರಾತ್ರಿ ನಿದ್ದೆ ಹಾರಿಹೋದರೆ ಕಾಯಬೇಡಿ. ಕಾಯಿಲೆ ಮರುಕಳಿಸುವ ಮೊದಲು ಎಷ್ಟೋ ಜನರಲ್ಲಿ ಬಾಗಿಲು ತಟ್ಟುವುದು ನಿದ್ದೆಯೇ. ಮದುವೆ, ದುಗ್ಗಮ್ಮನ ಜಾತ್ರೆ, ಪರೀಕ್ಷೆ, ಮನೆಯಲ್ಲಿ ಸಾವು, ಇಂಥ ಹೊತ್ತಿನಲ್ಲಿ ಕಣ್ಣಿಟ್ಟಿರಿ. ಜಾತ್ರೆಗೆ ಕರೆದುಕೊಂಡು ಹೋಗಿ, ಆದರೆ ಎಲ್ಲ ರಾತ್ರಿಯೂ ಜಾಗರಣೆ ಬೇಡ. ಡಾಕ್ಟರ್ ತಕ್ಷಣ ಸಿಗದಿದ್ದರೆ ಟೆಲಿ ಮನಸ್ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮೆಡಿಕಲ್ ಶಾಪಿನಲ್ಲಿ “ನಿದ್ದೆದು ಒಂದು ಗುಳಿಗೆ ಕೊಡಿ” ಅಂತ ಅಲ್‌ಪ್ರಜೋಲಾಂ ತಂದು ಕೊಡುವವರು ಇದ್ದಾರೆ. ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ, ಮಾರುತ್ತಾರೆ. ಆ ಮಾತ್ರೆ ಬೇಗ ಚಟವಾಗುತ್ತದೆ, ಆಮೇಲೆ ಬಿಡಿಸುವುದು ಇನ್ನೊಂದು ಕಾಯಿಲೆ ವಾಸಿ ಮಾಡಿದಷ್ಟು ಕಷ್ಟ. ಡಾಕ್ಟರನ್ನು ಕೇಳದೆ ಬೇಡ. ಮೂರು ಸಲ ಆಯಿತು.

ಓಪಿಡಿಗೆ ಹೋಗುವಾಗ ಕೈಯಲ್ಲಿ ಏನಾದರೂ ಹಿಡಿದುಕೊಂಡು ಹೋಗಿ. ಹರಿಹರದ ಹತ್ತಿರದ ಒಬ್ಬ ತಾಯಿಗೆ ಓದು ಬರಹ ಬಾರದು. ಗೋಡೆಯ ಕ್ಯಾಲೆಂಡರಿನಲ್ಲಿ ಮಗ ಮಲಗಿದ ರಾತ್ರಿ ಅರಿಶಿನದ ಬೊಟ್ಟು, ಮಲಗದ ರಾತ್ರಿ ಮಸಿಯ ಬೊಟ್ಟು ಇಟ್ಟರು. ಹಗಲಲ್ಲಿ ಮಲಗಿದ್ದರೆ ಚೌಕದ ಹೊರಗೆ ಒಂದು ಗೀಟು. ಮೂರು ತಿಂಗಳ ಹಾಳೆ ಕಿತ್ತು, ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದರು. ಡಾಕ್ಟರ್ ಮೇಜಿನ ಮೇಲೆ ಹರಡಿಕೊಂಡು ನೋಡಿದರು. ನೂರು ಜನ ಕಾಯುತ್ತಿದ್ದರೂ ನೋಡಿದರು. “ನಿದ್ದೆ ಬರ್ತೈತಾ?” ಅಂತ ಅವತ್ತು ಕೇಳಲಿಲ್ಲ. “ಹದಿನೇಳನೇ ತಾರೀಕಿಂದ ಏನಾಯ್ತಮ್ಮ?” ಅಂತ ಕೇಳಿದರು. ಹದಿನೇಳರಿಂದ ಸಾಲಾಗಿ ಮಸಿಯ ಬೊಟ್ಟು ಇತ್ತು. ಮನೆಯಲ್ಲಿ ಅವತ್ತು ಜಗಳವಾಗಿತ್ತು, ಸೊಸೆ ತವರಿಗೆ ಹೋಗಿದ್ದಳು. ಅದುವರೆಗೆ ಯಾರಿಗೂ ಅದನ್ನು ಹೇಳಿರಲಿಲ್ಲ.

ಆ ತಾಯಿಯ ನಿದ್ದೆಯ ಬಗ್ಗೆಯೂ ಹೇಳಬೇಕು. ಮಗ ರಾತ್ರಿ ಎದ್ದು ಹೊರಗೆ ಹೋಗಿಬಿಡುತ್ತಾನೆ ಅಂತ ಎಂಟು ವರ್ಷದಿಂದ ಅವರು ತಲೆಬಾಗಿಲಿಗೆ ಅಡ್ಡ ಮಲಗುತ್ತಿದ್ದರು, ಹೊಸ್ತಿಲಿಗೆ ಬೆನ್ನು ಕೊಟ್ಟು. ಕಾಯಿಲೆ ಮಗನಿಗೆ, ಎಂಟು ವರ್ಷ ನಿದ್ದೆ ಬಿಟ್ಟವರು ಇವರು. ನಿಮ್ಮಲ್ಲಿ ಎಷ್ಟು ಜನ ಹೀಗೆ ಮಲಗುತ್ತೀರಿ, ಕೈ ಎತ್ತಿ ಅನ್ನುವುದಿಲ್ಲ, ನನಗೆ ಗೊತ್ತು. ಮಗನ ಬೊಟ್ಟುಗಳೆಲ್ಲ ಅರಿಶಿನವಾಗಿ ಆರು ತಿಂಗಳಾದ ಮೇಲೂ ಅವರು ಜಾಗ ಬಿಡಲಿಲ್ಲ. ಆಮೇಲೆ ಒಂದು ಸಲ ಹೋದಾಗ ಚಾಪೆ ಬಾಗಿಲ ಹತ್ತಿರ ಇರಲಿಲ್ಲ. ಒಳಗೆ ಮಲಗ್ತೀನಿ ಈಗ ಅಂದರು. ಹೊರಡುವಾಗ ಬಾಗಿಲು ಎಳೆದೆ, ಟಣ್ ಅಂತ ಸದ್ದಾಯಿತು. ನೋಡಿದರೆ ಚಿಲಕಕ್ಕೆ ಮೇಕೆ ಕೊರಳಿನ ಗಂಟೆ ಕಟ್ಟಿದ್ದರು.